ಹಗಲಲ್ಲಿ ಉರಿದ ಲೈಟು

ಗಾಳಿ ಬೆಳಕು ಎರಡನ್ನೂ ಕೇಳದೆಯೇ ಕೊಟ್ಟ ಶಿವನಿಗೆ ಕೈಮುಗಿದು ಇದನ್ನು ಹೇಳುತ್ತೇನೆ.

ವಿರೂಪಾಕ್ಷಿಪುರದಿಂದ ರಾಮನಗರದ ಮಾರುಕಟ್ಟೆಗೆ ಟ್ರ್ಯಾಕ್ಟರಿನಲ್ಲಿ ರೇಷ್ಮೆಗೂಡು ಒಯ್ಯುತ್ತಿದ್ದೆ. ಮನೆಯಾಕೆ ತಿಂಗಳೆಲ್ಲ ನಿದ್ದೆಗೆಟ್ಟು ಹುಳ ಸಾಕಿ ಕಟ್ಟಿಸಿದ ಗೂಡು. ಸೆಕೆಗೆ ಬೆವೆತು ಮೆತ್ತಗಾದರೆ ಕೊಳ್ಳುವವರು ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಟ್ರೈಲರಿಗೆ ಎರಡು ಚಿಕ್ಕ ಫ್ಯಾನ್ ಹಾಕಿಸಿದ್ದೆ. ಮುಂದಿನ ಹಿಂದಿನ ಲೈಟಿಗೆಲ್ಲ ಒಂದೇ ಸ್ವಿಚ್ಚು. ಎಲೆಕ್ಟ್ರಿಷಿಯನ್ ಫ್ಯಾನುಗಳನ್ನು ಹಿಂದಿನ ಲೈಟಿನ ವೈರಿಗೇ ಸೇರಿಸಿ, "ಲೈಟ್ ಹಾಕುದ್ರೆ ಫ್ಯಾನ್ ತಿರುಗ್ತದೆ, ಆರ್ಸುದ್ರೆ ನಿಂತೋಯ್ತದೆ, ಅಷ್ಟೇಯ" ಅಂದಿದ್ದ.

ಮಟಮಟ ಮಧ್ಯಾಹ್ನ ಲೈಟು ಹಾಕಿಕೊಂಡೇ ಹೊರಟೆ. ಎದುರು ಬಂದವರೆಲ್ಲ ಬೆರಳು ಬಿಚ್ಚಿ ಮುಚ್ಚಿ, ಲೈಟು ಉರಿಯುತ್ತಿದೆ ಎಂದು ಸನ್ನೆ ಮಾಡುವವರೇ. ಒಳ್ಳೆ ಮನಸ್ಸಿಂದ ಹೇಳಿದ್ದನ್ನು ಹೇಗೆ ತಳ್ಳಿಹಾಕುವುದು? ಆರಿಸುತ್ತಿದ್ದೆ, ಅವರು ದಾಟಿದೊಡನೆ ಮತ್ತೆ ಹಾಕುತ್ತಿದ್ದೆ. ಹಿಂದೆ ಗೂಡು ಬೆವರುತ್ತಿದೆಯೇನೋ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಚನ್ನಪಟ್ಟಣ ದಾಟುವಷ್ಟರಲ್ಲಿ ಶಿವನಾಮ ಹೇಳಿದ್ದಕ್ಕಿಂತ ಸ್ವಿಚ್ ಒತ್ತಿದ್ದೇ ಹೆಚ್ಚಾಗಿತ್ತು.

ಕೊನೆಗೆ ಬೈಕಿನವನೊಬ್ಬ ಅಡ್ಡ ಹಾಕಿದ.

"ಏನ್ ಯಜಮಾನ್ರೇ, ಅವಾಗಿಂದ ಕೂಗ್ತಾ ಇವ್ನಿ, ಬ್ಯಾಟ್ರಿ ಕೂತೋಯ್ತದೆ!" ಎಂದವನೇ ಹತ್ತಿ ಬಂದು ಸ್ವಿಚ್ಚಿಗೆ ಕೈಯಿಟ್ಟ.

ಅವನ ಕೈ ಹಿಡಿದುಕೊಂಡೆ. "ಬ್ಯಾಡ ಕಣಪ್ಪಾ, ಲೈಟ್ ಆರುದ್ರೆ ಗೂಡಿನ ಫ್ಯಾನೂ ನಿಂತೋಯ್ತದೆ."

ಅವನು ಹಿಂದೆ ಹೋಗಿ ಫ್ಯಾನಿಗೆ ಮುಖ ಒಡ್ಡಿ ನಿಂತ. "ಹುಳಕ್ಕೆ ಫ್ಯಾನಾ! ನಮ್ಮನೇಲಿ ನಂಗೇ ಇಲ್ವಲ್ಲ ಸ್ವಾಮಿ."

ಆಮೇಲೆ ರಾಮನಗರದವರೆಗೂ ನನ್ನ ಮುಂದೆಯೇ ಹೋಗುತ್ತಾ, ಸನ್ನೆ ಮಾಡಿದವರಿಗೆಲ್ಲ "ಇರ್ಲಿ ಬುಡಿ, ಬೇಕಂತ್ಲೇ ಹಾಕವ್ರೆ" ಎಂದು ಕೂಗಿದ. ನಾನು ಸ್ವಿಚ್ ಮುಟ್ಟಲಿಲ್ಲ. ಗೂಡು ಗರಿಗರಿಯಾಗಿಯೇ ಮಾರುಕಟ್ಟೆ ಸೇರಿತು. ಅವನ ಹೊಸ ಬೈಕಿನ ಲೈಟೂ ದಾರಿಯುದ್ದಕ್ಕೂ ಉರಿಯುತ್ತಲೇ ಇತ್ತು, ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ಅಂದು ಬೆರಳು ಬಿಚ್ಚಿ ಮುಚ್ಚಿದವರ ಹೊಟ್ಟೆಯೂ, ಇದನ್ನು ಕೇಳಿಸಿಕೊಂಡ ನಿಮ್ಮ ಹೊಟ್ಟೆಯೂ ತಣ್ಣಗಿರಲಿ.