ಹನ್ನೆರಡು ಇಂಚಿನ ಪಿಜ್ಜಾ

ಲೇಕ್ ಗಾರ್ಡನ್ಸ್ ಬಡಾವಣೆಯಲ್ಲಿ ನನ್ನ ಮೇಲಿನ ಮಹಡಿಯಲ್ಲಿದ್ದವರು ಧಾರವಾಡದ ಕಡೆಯ ರೈಲ್ವೆ ಎಂಜಿನಿಯರು. ಏನೇ ಹೇಳುವ ಮೊದಲೂ ತೋರುಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಿದ್ದರು. "ಅಗಲ ನೋಡಬ್ಯಾಡ್ರಿ, ಜಾಗಾ ನೋಡ್ರಿ" ಎನ್ನುವುದು ಅವರ ಮಾತು.

ಅವರ ಇಬ್ಬರು ಹೆಣ್ಣುಮಕ್ಕಳು ಜಗಳವಾಡಿ ಮಾತು ಬಿಟ್ಟಿದ್ದರು. ಆ ಭಾನುವಾರ ಎಂಜಿನಿಯರು ನನ್ನನ್ನೂ ಊಟಕ್ಕೆ ಕರೆದಿದ್ದರು. ಎರಡು ಚಿಕ್ಕ ಪಿಜ್ಜಾ ತರಿಸಿ, ತಂತಮ್ಮ ಕೋಣೆಯಲ್ಲಿ ತಿನ್ನುತ್ತೇವೆಂದು ಮಕ್ಕಳು ಹಟ ಹಿಡಿದರು.

"ಎಂಟಿಂಚಿನವು ಎರಡು ಕೂಡಿಸಿದ್ರೂ ಹನ್ನೆರಡಿಂಚಿನ ಒಂದಕ್ಕ ಸಮ ಆಗಂಗಿಲ್ಲ. ಎಂಟೆಂಟ್ಲಿ ಅರವತ್ನಾಲ್ಕು, ಎರಡಕ್ಕ ನೂರಾ ಇಪ್ಪತ್ತೆಂಟು. ಹನ್ನೆರಡ ಹನ್ನೆರಡ್ಲಿ ನೂರಾ ನಲವತ್ನಾಲ್ಕು" ಎಂದು ತಂದೆ ದೊಡ್ಡದನ್ನೇ ಆರಿಸಿದರು.

ಲೆಕ್ಕ ಸರಿ. ಆದರೆ ಅಂದು ಒಂದು ಚಿಕ್ಕದು ಕೊಂಡರೆ ಇನ್ನೊಂದು ಉಚಿತವೆಂದು ಅವರ ಫೋನಿನಲ್ಲೇ ಇತ್ತು. ಕೊಡುವ ಹಣಕ್ಕೆ ಚಿಕ್ಕವೇ ಲಾಭ. ನಾನು ಅದನ್ನು ಓದಿದ್ದು ಅವರಿಗೆ ಕಂಡಿತು. ಮಕ್ಕಳತ್ತ ಒಮ್ಮೆ ನೋಡಿ, ಬೇಡವೆಂಬಂತೆ ನನಗೆ ತಲೆಯಾಡಿಸಿದರು.

ಡಬ್ಬಿಯನ್ನು ಮೇಜಿನ ನಡುವೆ ತೆರೆದಿಟ್ಟರು. ಹುಡುಗಿಯರು ಮುಖ ತಿರುಗಿಸಿಕೊಂಡೇ ಒಂದೊಂದು ತುಂಡು ಎತ್ತಿಕೊಂಡರು. ಆಮೇಲೆ ಕಿರಿಯವಳು ಆ ಊರಿನ ರೂಢಿಯಂತೆ ಅಕ್ಕನನ್ನು ಕರೆದು ಸಿಡುಕಿದಳು: "ದಿದಿ, ಅದು ನನ್ನ ಪೀಸ್!"

"ನಿನ್ನ ಹೆಸರು ಬರದದೇನು ಅದರ ಮ್ಯಾಲೆ?"

ಎಂಜಿನಿಯರು ಕೈಯಲ್ಲಿದ್ದ ತುಂಡನ್ನು ಸದ್ದಿಲ್ಲದೆ ತಟ್ಟೆಗಿಟ್ಟು, ಇಬ್ಬರೂ ಕಚ್ಚಾಡುವುದನ್ನು ಕೇಳುತ್ತ ಕುಳಿತರು.