ಅಂದು ನಾನು ಅಂದ ‘ಇಲ್ಲ’

ಆಗಿನ್ನೂ ಎರಡನೇ ಮಹಾಯುದ್ಧ ಮುಗಿದಿರಲಿಲ್ಲ. ಸೀಮೆಎಣ್ಣೆಯ ಅಭಾವ. ಚನ್ನಗಿರಿಯ ನಮ್ಮ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಎಲ್ಲ ಕೆಲಸ ಮುಗಿಯಬೇಕಿತ್ತು. ಐದಕ್ಕೆ ಏಳುವುದು, ನೆಲ ಸಾರಿಸುವುದು, ಸ್ನಾನ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ, ಆಮೇಲೆ ರೊಟ್ಟಿ, ಶಾಲೆ. ಈ ಕ್ರಮ ಅಜ್ಜಿಯದು. ತಿಂಗಳ ಆ ಮೂರು ದಿನವೂ ಪೂಜೆ ತಪ್ಪುವಂತಿರಲಿಲ್ಲ. “ಮೈಮೇಲಿರೋ ಲಿಂಗ ಮೂರು ದಿನ ಎಲ್ಲಿಗೆ ಹೋಗ್ತೈತೆ? ನಮ್ಮ ಜೊತೀಗೇ ಇರ್ತೈತಲ್ಲ” ಎನ್ನುತ್ತಿದ್ದಳು.

ಶ್ರಾವಣ ಸೋಮವಾರಗಳ ಸಂಜೆ ಕೇರಿಯ ಹೆಂಗಸರು ನಮ್ಮ ಪಡಸಾಲೆಯಲ್ಲಿ ಸೇರುತ್ತಿದ್ದರು. ವಿಭೂತಿ, ಪತ್ರೆಗಳ ವಾಸನೆ. ಒಳಗಿನಿಂದ ಮಂಡಕ್ಕಿ ಒಗ್ಗರಣೆಯ ಘಮ. ಅಜ್ಜಿ ವಚನ ಹೇಳಿ ಅರ್ಥ ಬಿಡಿಸುತ್ತಿದ್ದಳು. ಹುಡುಗಿಯರು ನಾವು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತ ಅರ್ಧ ಕೇಳುತ್ತಿದ್ದೆವು.

ಪಕ್ಕದ ಮನೆಯ ಹಾಲಮ್ಮನೂ ಲಿಂಗ ಕಟ್ಟಿದವಳೇ. ಆದರೂ ಸೊಸೆ ಗಂಗಮ್ಮನನ್ನು ತಿಂಗಳಿಗೆ ಮೂರು ದಿನ ಹಿತ್ತಲ ಕೊಟ್ಟಿಗೆಯಲ್ಲಿ ಕೂರಿಸುತ್ತಿದ್ದಳು. ಗಂಗಮ್ಮ ಬಿಳಿಚೋಡು ಎಂಬ ಊರಿನ ಹುಡುಗಿ. ನನಗೆ ಹದಿಮೂರು, ಅವಳಿಗೆ ಹದಿನಾರು.

ಒಂದು ಸೋಮವಾರ ಅಜ್ಜಿ ಗಂಗಮ್ಮನ ಮಾತು ತೆಗೆದಳು. ಹಾಲಮ್ಮ ನಕ್ಕಳು.

“ಹೇಳಾಕೇನ್ರೀ ಅಕ್ಕಾರೆ. ನಿಮ್ಮ ಮೊಮ್ಮಗಳು ಹೊರಗಾದ ದಿನ ಎಲ್ಲರ ಮುಂದೆ ಇಲ್ಲೇ ಕುಂತು ಪೂಜೆ ಮಾಡ್ಲಿ. ಹೊರಗಾಗೀನಿ ಅಂತ ಬಾಯಿಬಿಟ್ಟು ಹೇಳ್ಲಿ. ಅವತ್ತೇ ನಮ್ಮಾಕೀನ ಒಳಗೆ ಕರಕಂತೀನಿ.”

“ಆತು” ಎಂದು ಅಜ್ಜಿ ನನ್ನ ಕಡೆ ತಿರುಗಿದಳು. “ಮಾಡ್ತೀಯೇನೇ ಕೂಸೇ?”

“ಹೂಂ” ಎಂದೆ. ಆ ದಿನ ಇನ್ನೂ ದೂರವಿತ್ತು.

ಶ್ರಾವಣದ ಕೊನೆಯ ಸೋಮವಾರವೇ ಆ ದಿನ ಬಂತು. ಗಂಗಮ್ಮನೂ ಹಿಂದಿನ ದಿನವಷ್ಟೇ ಕೊಟ್ಟಿಗೆ ಸೇರಿದ್ದಳು. ಅಜ್ಜಿ ಬೆಳಿಗ್ಗೆಯಿಂದ ಹುರುಪಿನಲ್ಲಿದ್ದಳು. ಸಂಜೆ ನೋಡಿದರೆ ನನ್ನ ತರಗತಿಯ ಶಾರದೆ ತಾಯಿಯ ಜೊತೆ ಬಂದು ಮುಂದೆಯೇ ಕೂತಿದ್ದಾಳೆ. ಅವರ ಮನೆಯಲ್ಲಿ ಹೊರಗಾದವರ ನೆರಳೂ ಸೋಕುವಂತಿರಲಿಲ್ಲ. ನಾಳೆ ಇಡೀ ಶಾಲೆಗೆ ತಿಳಿಯುತ್ತದೆ, ನನ್ನ ಪಕ್ಕ ಯಾರೂ ಕೂರುವುದಿಲ್ಲ ಎನ್ನಿಸಿತು.

ಪೂಜೆಯನ್ನೇನೋ ತಪ್ಪಿಲ್ಲದೆ ಮಾಡಿದೆ. ಮುಗಿದ ಮೇಲೆ ಹಾಲಮ್ಮ ಕೇಳಿದಳು: “ಹೊರಗಾಗಿದೀಯೇನವ್ವಾ?”

“ಇಲ್ಲ” ಎಂದೆ.

ವಿಭೂತಿ ಹಂಚುತ್ತಿದ್ದ ಅಜ್ಜಿಯ ಕೈ ನಿಂತಿತು. “ಹಂಗಾದ್ರೆ ಇನ್ನೊಂದ್ಸಲ ನೋಡಾನ ಬಿಡ್ರಿ” ಎಂದು ಹಾಲಮ್ಮ ಸೆರಗಿಗೆ ಮಂಡಕ್ಕಿ ಹಾಕಿಸಿಕೊಂಡಳು.

ಪೂಜೆಯ ತಟ್ಟೆ ತೊಳೆಯಲು ಹಿತ್ತಲಿಗೆ ಹೋದೆ. ಮೋಟುಗೋಡೆಯ ಆಚೆ ಗಂಗಮ್ಮ ಹಣೆಗೆ ವಿಭೂತಿ ಹಚ್ಚಿಕೊಂಡು, ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು.

“ನಮ್ಮತ್ತೆ ಕರದ್ರೇನೆ?”

ನಾನು ತಲೆ ಎತ್ತದೆ ತಟ್ಟೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಸ್ವಲ್ಪ ಹೊತ್ತಿಗೆ ಅವಳು ಚಾಪೆ ಬಿಚ್ಚಿ ಹಾಸುವ ಸದ್ದು ಕೇಳಿಸಿತು.

ಒಳಗೆ ಬಂದು ಅಜ್ಜಿಯ ಮೇಲೇ ಹರಿಹಾಯ್ದೆ: “ನೀನಾದ್ರೂ ಹೇಳಬೌದಿತ್ತಲ್ಲ.”

“ನನ್ನ ಮಾತು ಅವರು ಭಾಳ ವರ್ಷದಿಂದ ಕೇಳ್ಯಾರೆ ಕೂಸೆ. ನಿನ್ನ ಮಾತು ಬೇಕಾಗಿತ್ತು.”

ಶ್ರಾವಣ ಕಳೆಯಿತು. ಹಾಲಮ್ಮ ಮತ್ತೆ ಬರಲಿಲ್ಲ. ಮುಂದಿನ ಶ್ರಾವಣಕ್ಕೆ ಅಜ್ಜಿ ಇರಲಿಲ್ಲ. ನಾನು ಮದುವೆಯಾಗಿ ಹೊನ್ನಾಳಿಗೆ ಹೋಗುವವರೆಗೂ ಗಂಗಮ್ಮ ತಿಂಗಳು ತಿಂಗಳೂ ಆ ಕೊಟ್ಟಿಗೆಯಲ್ಲೇ ಕೂರುತ್ತಿದ್ದಳು.

ಅತ್ತೆಮನೆಯಲ್ಲಿ ನಾನು ಒಂದು ದಿನವೂ ಪೂಜೆ ಬಿಡಲಿಲ್ಲ. ಆ ಮೂರು ದಿನ ಮಾತ್ರ ಕೋಣೆಯ ಅಗುಳಿ ಹಾಕಿಕೊಂಡು ಮಾಡಿದೆ. ನನ್ನ ಹೆಣ್ಣುಮಕ್ಕಳು ಕಂಡದ್ದು ಮುಚ್ಚಿದ ಬಾಗಿಲು. ಅಜ್ಜಿ ಪಡಸಾಲೆಯಲ್ಲಿ ಇಟ್ಟಿದ್ದನ್ನು ನಾನು ಕೋಣೆಯಲ್ಲಿ ಮುಗಿಸಿದೆ.

ಮೊನ್ನೆ ಮೊಮ್ಮಗಳನ್ನು ಪೂಜೆಗೆ ಕರೆದೆ. ಬಾಗಿಲಾಚೆಯೇ ನಿಂತಳು. “ಇವತ್ತು ಬರಂಗಿಲ್ಲ ಅಜ್ಜಿ.”

“ಬರಬಾರದು ಅಂತ ಯಾರು ಹೇಳಿದ್ರೇ?”

“ಯಾರೂ ಏನೂ ಹೇಳಿಲ್ಲ” ಎಂದಳು.

ನಿಜ. ನಾನೂ ಏನೂ ಹೇಳಿರಲಿಲ್ಲ.