ಸೀಟಿಯವರ ಹೆಂಡತಿ

ಎಪ್ಪತ್ತೊಂದರ ಯುದ್ಧ ಶುರುವಾದದ್ದೇ ತಡ, ಮಲಾಡಿನ ನಮ್ಮ ಚಾಳಿನ ಗಂಡಸರಿಗೆಲ್ಲ ಶೌರ್ಯ ಉಕ್ಕಿ ಬಂತು. ಲೋಕಲ್ ರೈಲಿನಲ್ಲಿ ಕಾಲು ತುಳಿದವನಿಗೆ ಒಂದು ಮಾತು ಎದುರಾಡದವರು ತೋಳಿಗೆ ಪಟ್ಟಿ ಕಟ್ಟಿಕೊಂಡು, ಶತ್ರುವಿಮಾನಕ್ಕೆ ಊರಿನ ಬೆಳಕು ಕಾಣದಂತೆ ಬ್ಲ್ಯಾಕ್‌ಔಟ್ ಪಹರೆ ಶುರುಮಾಡಿದರು. ಅವರ ಮುಂದಾಳು ನಮ್ಮ ಯಜಮಾನರು. ಚರ್ಚ್‌ಗೇಟಿನ ಆಫೀಸೊಂದರಲ್ಲಿ ಗುಮಾಸ್ತರು. ಎಲ್ಲಿಂದಲೋ ಅವರಿಗೊಂದು ಸೀಟಿ ಸಿಕ್ಕಿತ್ತು. ಊಟಕ್ಕೆ ಕೂತಾಗಲೂ ಅದನ್ನು ಕೊರಳಿನಿಂದ ತೆಗೆಯುತ್ತಿರಲಿಲ್ಲ.

ನಮ್ಮ ಒಂದೇ ಕೋಣೆಯ ಖೋಲಿಯ ನೇರ ಕೆಳಗೆ ಒಬ್ಬ ಮುಸಲ್ಮಾನ ದರ್ಜಿ ಮತ್ತು ಅವನ ಹೆಂಡತಿ ಇದ್ದರು. ಚಾಳಿನ ಅರ್ಧ ಹೆಂಗಸರು ತೊಟ್ಟದ್ದು ಅವನು ಹೊಲಿದ ಕುಪ್ಪಸವನ್ನೇ. ಯುದ್ಧ ಬಂದ ಮೂರನೇ ದಿನಕ್ಕೆ ಅದೇ ಹೆಂಗಸರು ಅವನ ಹೊಲಿಗೆ ಮಷೀನಿನ ಸದ್ದಿನಲ್ಲಿ ಪಾಕಿಸ್ತಾನಕ್ಕೆ ಸುದ್ದಿ ಹೋಗುತ್ತಿದೆ ಎಂದು ನಲ್ಲಿಯ ಹತ್ತಿರ ಮಾತಾಡಿಕೊಳ್ಳತೊಡಗಿದರು.

ಒಂದು ಸಂಜೆ ಸೈರನ್ ಕೂಗಿದ ಮೇಲೆ ನಮ್ಮ ಸ್ಟೋವಿನ ಹೊಗೆಗೆ ಉಸಿರು ಕಟ್ಟಿ, ಕರೀ ಕಾಗದ ಅಂಟಿಸಿದ್ದ ಕಿಟಕಿಯನ್ನು ತೆರೆದೆ. ಬಲ್ಬು ಆರಿಸುವುದು ಮರೆತೆ. ಕೆಳಗಿನಿಂದ ಸೀಟಿ, ಕೂಗಾಟ. ಬೆಳಕು ಯಾವ ಕಿಟಕಿಯದೆಂದು ಆ ವೀರರಿಗೆ ಸರಿಯಾಗಿ ಕಾಣಲಿಲ್ಲ. ಯಾರದಾಗಿರಬೇಕು ಎಂಬುದು ಮಾತ್ರ ಮೊದಲೇ ಗೊತ್ತಿತ್ತು. ಯಜಮಾನರು ಮೇಲೆ ಬಂದು, ತೆರೆದ ಕಿಟಕಿಯನ್ನು ಕಣ್ಣಾರೆ ಕಂಡು, ತಾವೇ ಅದನ್ನು ಮುಚ್ಚಿದರು. ಮರುದಿನ ಬೆಳಿಗ್ಗೆ ಪೊಲೀಸರು ದರ್ಜಿಯನ್ನು ಕರೆದೊಯ್ದರು.

"ಬೆಳಕು ನಮ್ಮ ಖೋಲೀದು ಅಂತ ಹೇಳಿ ಬರ್ರಿ" ಅಂದೆ.

"ಹುಚ್ಚಿ ಇದ್ದೀ ಏನ? ಹಂಗ ಹೇಳಿದ್ರ ಮಂದ್ಯಾಗ ನನ್ನ ಮರ್ಯಾದಿ ಏನಾಗಬೇಕು?" ಅಂದರು. ಅವರನ್ನು ಹೇಡಿ ಎಂದು ಮನಸ್ಸಿನಲ್ಲೇ ಬೈದುಕೊಂಡು ರೊಟ್ಟಿ ಬಡಿದೆ.

ದರ್ಜಿಯ ಹೆಂಡತಿಯ ಬೆನ್ನಿಗೆ ನಿಂತವರು ಚಾಳಿನ ಹಿಂದಿನ ಹಳೇ ಬಂಗಲೆಯ ಇಂಗ್ಲಿಷ್ ಮುದುಕ-ಮುದುಕಿ ಇಬ್ಬರೇ. ಅವರು ಕ್ವೇಕರರು. ಅದು ಕ್ರೈಸ್ತರಲ್ಲೇ ಒಂದು ಪಂಗಡ. ಪಾದ್ರಿಯಿಲ್ಲ, ಹಾಡಿಲ್ಲ, ಯುದ್ಧವೆಂದರೆ ಆಗದು. ಭಾನುವಾರ ಒಂದು ಗಂಟೆ ಸುಮ್ಮನೆ ಕೂರುವುದೇ ಪೂಜೆ. ಸುಳ್ಳನ್ನಂತೂ ಅಪ್ಪಿತಪ್ಪಿಯೂ ಹೇಳರು. ಆ ಮುದುಕಿ ದರ್ಜಿಯ ಹೆಂಡತಿಯನ್ನು ಕರೆದುಕೊಂಡು ಠಾಣೆಗೆ ಹೋದಳು. ಅವನ ಕಿಟಕಿ ಕತ್ತಲಾಗಿದ್ದುದನ್ನು ನೋಡಿದ್ದೀರಾ ಎಂದು ಅಧಿಕಾರಿ ಕೇಳಿದನಂತೆ. "ನೋಡಿಲ್ಲ. ಆದರೆ ಅವನನ್ನು ಬಲ್ಲೆ" ಅಂದಳಂತೆ ಪುಣ್ಯಾತ್ಗಿತ್ತಿ. ನೋಡಿದೆ ಎಂದು ಒಂದೇ ಒಂದು ಸುಳ್ಳು ಹೇಳಿದ್ದರೆ ಅವನು ಅವತ್ತೇ ಮನೆಗೆ ಬರುತ್ತಿದ್ದ! ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ನಿಜ ಗೊತ್ತಿದ್ದವಳು ಮನೆಯಲ್ಲಿ ಕೂತು ಅವಳ ಪ್ರಾಮಾಣಿಕತೆಯನ್ನು ಬೈಯುತ್ತಿದ್ದೆ, ನೋಡಿ ನನ್ನ ಯೋಗ್ಯತೆ.

ಚಾಳಿನವರು ದರ್ಜಿಯ ಹೆಂಡತಿಯನ್ನು ಖೋಲಿ ಬಿಡಿಸುವ ಮಾತಾಡುತ್ತಿದ್ದರು. ಅದಕ್ಕೇ ಮುದುಕ-ಮುದುಕಿ ಆ ಭಾನುವಾರದ ತಮ್ಮ ಸಭೆಯನ್ನು ಅವಳ ಖೋಲಿಯಲ್ಲೇ ಇಟ್ಟುಕೊಂಡರು. ದರ್ಜಿಯ ಹೆಂಡತಿ ನನ್ನನ್ನೂ ಕರೆದಳು. ಬಿಳಿಯರು ಮುಸಲ್ಮಾನರ ಮನೆಯಲ್ಲಿ ಕೂಡುತ್ತಾರೆಂದು ಸರ್ಕಾರಕ್ಕೆ ಇನ್ನಷ್ಟು ಗುಮಾನಿ. ಆಡಿದ ಮಾತನ್ನೆಲ್ಲ ಬರೆದುಕೊಳ್ಳಲು ಒಬ್ಬ ಮರಾಠಿ ಹವಾಲ್ದಾರನನ್ನು ಕಳಿಸಿತ್ತು. ಪಾಪ, ಯಾರೂ ತುಟಿ ಬಿಚ್ಚಲಿಲ್ಲ. ಅರ್ಧ ಗಂಟೆ ಖಾಲಿ ಹಾಳೆ ನೋಡಿ ನೋಡಿ ಅವನು ತೂಕಡಿಸಿದ. ದೇಶದ ರಕ್ಷಣೆ ಹೀಗೆ ನಡೆದಿತ್ತು.

ಒಳಗಿನಿಂದ ಮಾತು ಒತ್ತಿ ಬಂದರೆ ಯಾರಾದರೂ ಎದ್ದು ಹೇಳಬಹುದು, ಯಾವ ಭಾಷೆಯಾದರೂ ಸರಿ ಎಂದು ಮುದುಕಿ ಮೊದಲೇ ತನ್ನ ಹರಕುಮುರುಕು ಹಿಂದಿಯಲ್ಲಿ ತಿಳಿಸಿದ್ದಳು. ನಾನು ಎದ್ದೆ. ಹವಾಲ್ದಾರ ದಡಬಡಿಸಿ ಪೆನ್ಸಿಲ್ ಹಿಡಿದ.

"ಆ ಬೆಳಕು ನಂದು. ಕಿಟಕಿ ತೆಗದಾಕಿ ನಾನು. ಇವ್ರ ಖೋಲ್ಯಾಗ ಕತ್ತಲಿತ್ತು. ನನ್ನ ಗಂಡಗೂ ಗೊತ್ತೈತಿ" ಅಂದೆ. ಕನ್ನಡದಲ್ಲಿ ಅಂದೆ. ಆ ಖೋಲಿಯಲ್ಲಿ ಕನ್ನಡ ಬಲ್ಲವರು ನನ್ನನ್ನು ಬಿಟ್ಟು ಒಬ್ಬರೂ ಇರಲಿಲ್ಲ. ಅದು ಗೊತ್ತಿದ್ದೇ ಬಾಯಿ ಬಿಟ್ಟಿದ್ದೆ. ನನಗೆ ಹಿಂದಿ ಬರುತ್ತಿತ್ತು, ಮರಾಠಿಯೂ ಬರುತ್ತಿತ್ತು.

ಏನು ಹೇಳಿದಿರಿ ಎಂದು ಹವಾಲ್ದಾರ ಕೇಳಿದ. "ಪ್ರಾರ್ಥನಾ" ಅಂದೆ. ಅವನು ಬರೆದುಕೊಂಡ.

ದರ್ಜಿ ಬಂದದ್ದು ಯುದ್ಧ ಮುಗಿದು ತಿಂಗಳಾದ ಮೇಲೆ. ಎಡಗಿವಿ ಕೇಳಿಸುತ್ತಿರಲಿಲ್ಲ. ಅವತ್ತು ಅವನ ಹೆಂಡತಿ ಒಂದು ಬಟ್ಟಲು ಶ್ಯಾವಿಗೆ ಪಾಯಸ ಹಿಡಿದು ಮೆಟ್ಟಿಲು ಹತ್ತಿ ಬಂದಳು. "ದೀದಿ, ಆಪ್ ಕೀ ದುವಾ ಕಬೂಲ್ ಹುಯೀ" ಎಂದು, ನನ್ನ ಪ್ರಾರ್ಥನೆ ಫಲಿಸಿತೆಂದು, ನನ್ನ ಎರಡೂ ಕೈ ಹಿಡಿದು ಅತ್ತಳು. ಯಜಮಾನರು ಪಾಯಸ ಚೆನ್ನಾಗಿದೆ ಎಂದರು. ಬಟ್ಟಲನ್ನು ಬರಿದಾಗಿ ಮರಳಿಸಬಾರದಲ್ಲ, ತೊಳೆದು ಎರಡು ಚಮಚ ಸಕ್ಕರೆ ಹಾಕಿ ಕೊಟ್ಟೆ.